ಎಕ್ಸ್‌ಚೇಂಜ್ ಬಯಾಸ್ ಪ್ರಾಜೆಕ್ಟ್: ನಿಕ್ಕಲ್–ಮ್ಯಾಂಗನೀಸ್–ತವರಕ್ಕೆ ಯಾವ ಬೆರಕೆ ಹಾಕುವುದು?

ಮೇ ತಿಂಗಳ ಕೊನೆಯ ವಾರ ಅಂಗಳದಲ್ಲಿ ಮದ್ದು ಕಲಸುತ್ತಿದ್ದೆವು. ಕಾಸರಗೋಡಿನ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿಯುವ ಮೊದಲು ಬೋರ್ಡೋ ಬಿಡದಿದ್ದರೆ ಕೊಳೆರೋಗಕ್ಕೆ ಕಾಯಿಯೆಲ್ಲ ಬುಡಕ್ಕೆ ಉದುರುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಆ ಹೊತ್ತಿಗೆ ನೆರೆಮನೆಯ ಹುಡುಗಿ ಬಂದಳು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುವವಳು, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಅವಳ ಪ್ರಾಜೆಕ್ಟಿನ ವಿಷಯ ಹ್ಯೂಸ್ಲರ್ ಮಿಶ್ರಲೋಹದಲ್ಲಿ ಎಕ್ಸ್‌ಚೇಂಜ್ ಬಯಾಸ್. ಕೂತವಳೇ ಕೇಳಿದ್ದು, "ಕೋಬಾಲ್ಟ್ ಹಾಕುವುದಾ, ಕಬ್ಬಿಣ ಹಾಕುವುದಾ? ಯಾವುದರಲ್ಲಿ ಬಯಾಸ್ ಜಾಸ್ತಿ ಬರುತ್ತದೆ?"

ಈ ಪ್ರಶ್ನೆಯನ್ನು ನಾನು ಬೇರೆ ಮಕ್ಕಳಿಂದಲೂ ಕೇಳಿದ್ದೇನೆ. ಅದಕ್ಕೆ ಕನ್ನಡದಲ್ಲಿ ಒಂದು ಕಡೆ ಉತ್ತರ ಬರೆದಿಡುತ್ತಿದ್ದೇನೆ. ಪ್ರಶ್ನೆಯ ಎರಡನೆಯ ಅರ್ಧವನ್ನು ಮಾತ್ರ ಸ್ವಲ್ಪ ಬದಲಿಸಿಕೊಳ್ಳಬೇಕು. "ಯಾವುದರಲ್ಲಿ ಜಾಸ್ತಿ" ಎಂದು ಕೇಳುವ ಮುಂಚೆ "ಯಾವುದರಲ್ಲಿ ಆದ ಬದಲಾವಣೆ ನಾನು ಹಾಕಿದ ಬೆರಕೆಯಿಂದಲೇ ಆದದ್ದು ಎಂದು ತೋರಿಸಬಲ್ಲೆ" ಎಂದು ಕೇಳಿಕೊಳ್ಳಬೇಕು.

ಮೊದಲು ವಿಷಯ ಏನೆಂದು ನೋಡೋಣ. ಸಾಮಾನ್ಯ ಅಯಸ್ಕಾಂತದ ಹಿಸ್ಟರಿಸಿಸ್ ವಕ್ರರೇಖೆ, ಎಂದರೆ ಕಾಂತಕ್ಷೇತ್ರ ಏರಿಸಿ ಇಳಿಸುವಾಗ ಕಾಂತೀಕರಣ ಹೇಗೆ ಬದಲಾಗುತ್ತದೆಂದು ತೋರಿಸುವ ರೇಖೆ, ಸೊನ್ನೆಯ ಎರಡೂ ಕಡೆ ಸಮನಾಗಿ ಕೂತಿರುತ್ತದೆ. ಎಡಕ್ಕೆ ತಿರುಗಿಸಲು ಎಷ್ಟು ಕಾಂತಕ್ಷೇತ್ರ ಬೇಕೋ ಬಲಕ್ಕೆ ತಿರುಗಿಸಲೂ ಅಷ್ಟೇ ಬೇಕು. 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಮೈಕಲ್‌ಜಾನ್ ಮತ್ತು ಬೀನ್ ಎಂಬಿಬ್ಬರು ಕೋಬಾಲ್ಟಿನ ನುಣ್ಣನೆಯ ಕಣಗಳ ಮೇಲೆ ಕೋಬಾಲ್ಟ್ ಆಕ್ಸೈಡಿನ ಪೊರೆ ಇರುವಂತೆ ಮಾಡಿ, ಕಾಂತಕ್ಷೇತ್ರದಲ್ಲಿಟ್ಟು 77 ಕೆಲ್ವಿನ್‌ಗೆ ತಣಿಸಿದರು. ಆಗ ಇಡೀ ರೇಖೆಯೇ ಒಂದು ಬದಿಗೆ ಸರಿದು ಕೂತಿತು. (ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು ಅದೇ ವರ್ಷ, ನವೆಂಬರ್ 1ಕ್ಕೆ. ಹಾಗಾಗಿ ಇಲ್ಲಿನ ಮಕ್ಕಳಿಗೆ ಈ ಇಸವಿ ಮರೆಯುವುದಿಲ್ಲ.) ಕಾರಣ ಇಷ್ಟು: ಒಳಗಿನ ಕೋಬಾಲ್ಟ್ ಫೆರೋಮ್ಯಾಗ್ನೆಟಿಕ್, ಎಂದರೆ ಅದರ ಪರಮಾಣು ಕಾಂತಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುತ್ತವೆ, ಹೊರಗಿನ ಕ್ಷೇತ್ರಕ್ಕೆ ಸುಲಭವಾಗಿ ತಿರುಗುತ್ತವೆ. ಪೊರೆ ಆಂಟಿಫೆರೋಮ್ಯಾಗ್ನೆಟಿಕ್, ಒಂದು ಮೇಲಕ್ಕೆ ಮುಖ ಮಾಡಿದರೆ ಪಕ್ಕದ್ದು ಕೆಳಕ್ಕೆ. ಇದು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ತಣಿಯುವಾಗ ಎರಡರ ನಡುವಿನ ಗಡಿಯಲ್ಲಿ ಕೈಕೈ ಹಿಡಿದುಕೊಂಡ ಪರಮಾಣುಗಳು ಫೆರೋ ಭಾಗವನ್ನು ಒಂದೇ ದಿಕ್ಕಿಗೆ ಜಗ್ಗುತ್ತಿರುತ್ತವೆ. ರೇಖೆ ಎಷ್ಟು ಓರ್ಸ್ಟೆಡ್ (ಕಾಂತಕ್ಷೇತ್ರದ ಅಳತೆ) ಸರಿಯಿತು ಎನ್ನುವುದೇ ಎಕ್ಸ್‌ಚೇಂಜ್ ಬಯಾಸ್ ಕ್ಷೇತ್ರ. ಯಾವ ಉಷ್ಣತೆಯ ಮೇಲೆ ಅದು ಮಾಯವಾಗುತ್ತದೋ ಅದಕ್ಕೆ ಬ್ಲಾಕಿಂಗ್ ಉಷ್ಣತೆ ಎನ್ನುತ್ತಾರೆ.

ಹ್ಯೂಸ್ಲರ್ ಮಿಶ್ರಲೋಹದಲ್ಲಿ ಬೇರೆ ಪೊರೆ ಬೇಕಿಲ್ಲ. ಫ್ರೀಡ್ರಿಕ್ ಹ್ಯೂಸ್ಲರ್ 1903ರಲ್ಲಿ ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಬೆರೆಸಿ ಅಯಸ್ಕಾಂತ ಮಾಡಿ ತೋರಿಸಿದ. ಮೂರರಲ್ಲಿ ಒಂದಕ್ಕೂ ತನ್ನಷ್ಟಕ್ಕೆ ಆ ಗುಣವಿಲ್ಲ. ನಿಕ್ಕಲ್–ಮ್ಯಾಂಗನೀಸ್–ತವರ ಅದೇ ಕುಟುಂಬದ್ದು. ಮ್ಯಾಂಗನೀಸ್ ತನ್ನ ಜಾಗದಲ್ಲಿ ಇದ್ದಷ್ಟು ಹೊತ್ತು ಪರಸ್ಪರ ದೂರ ಸಾಕಷ್ಟಿರುತ್ತದೆ, ಫೆರೋ ಜೋಡಣೆ ನಡೆಯುತ್ತದೆ. 25 ಶೇಕಡಾಕ್ಕಿಂತ ಹೆಚ್ಚಾದ ಮ್ಯಾಂಗನೀಸ್ ತವರದ ಜಾಗದಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ನೆರೆಯ ಮ್ಯಾಂಗನೀಸಿಗೆ ದೂರ ಕಡಿಮೆ, ಜೋಡಣೆ ಆಂಟಿಫೆರೋ. ತಣಿಸುತ್ತ ಹೋದರೆ ಘನಾಕೃತಿಯ ಆಸ್ಟೆನೈಟ್ ರಚನೆ ಮುರಿದು ಮಾರ್ಟೆನ್ಸೈಟ್ ಆಗುತ್ತದೆ, ದೂರ ಇನ್ನೂ ತಗ್ಗುತ್ತದೆ, ಆಂಟಿಫೆರೋ ಬಲ ಏರುತ್ತದೆ. ಒಂದೇ ಗಟ್ಟಿಯೊಳಗೆ ಎರಡೂ ಬಗೆಯ ಪ್ರದೇಶಗಳು ಹಾಸುಹೊಕ್ಕಾಗಿ ನಿಲ್ಲುತ್ತವೆ. ಗಡಿ ಇದ್ದಲ್ಲಿ ಬಯಾಸ್.

ಬೆರಕೆ ಹಾಕುವುದೆಂದರೆ ಈ ಎರಡು ಪ್ರದೇಶಗಳ ಪಾಲನ್ನೂ ಗಡಿಯ ಹಿಡಿತವನ್ನೂ ತಿದ್ದುವುದು. ಆದರೆ ಯಾವ ಮೂಲವಸ್ತು ಹಾಕಿದರೂ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಪರಮಾಣುಗಳ ಅಂತರ ಬದಲಾಗುತ್ತದೆ. ಪ್ರತಿ ಪರಮಾಣುವಿನ ಲೆಕ್ಕಕ್ಕೆ ಬರುವ ಹೊರ ಎಲೆಕ್ಟ್ರಾನುಗಳ ಸರಾಸರಿ ಬದಲಾಗಿ ಮಾರ್ಟೆನ್ಸೈಟ್ ಆಗುವ ಉಷ್ಣತೆ ಸರಿಯುತ್ತದೆ. ಫೆರೋ–ಆಂಟಿಫೆರೋ ತೂಕ ಬದಲಾಗುತ್ತದೆ. ಯಾವ ಕೆಲಸದಿಂದ ಯಾವ ಫಲ ಬಂತೆಂದು ಬಿಡಿಸುವುದೇ ಕಷ್ಟ, ಆಯ್ಕೆ ಮಾಡುವಾಗ ನೋಡಬೇಕಾದದ್ದೂ ಅದನ್ನೇ.

ತಳ ಯಾವುದು

ನಿಕ್ಕಲ್–ಮ್ಯಾಂಗನೀಸಿನ ಜೊತೆ ಮೂರನೆಯದಾಗಿ ತವರ, ಇಂಡಿಯಂ, ಆಂಟಿಮನಿ ಯಾವುದನ್ನು ತಳವಾಗಿ ಹಿಡಿದರೂ ಬಯಾಸ್ ಬರುತ್ತದೆ. ಆಂಟಿಮನಿಯ ತಳದಲ್ಲಿ 2007ರಲ್ಲೇ 248 ಓರ್ಸ್ಟೆಡ್‌ವರೆಗಿನ ಸರಿತ ವರದಿಯಾಯಿತು. ಅದಕ್ಕೆ ನಿಕ್ಕಲಿನ ಜಾಗದಲ್ಲಿ 5 ಶೇಕಡಾ ಕೋಬಾಲ್ಟ್ ಹಾಕಿ 50 ಕಿಲೋಓರ್ಸ್ಟೆಡ್ ಕ್ಷೇತ್ರದಲ್ಲಿ ತಣಿಸಿದಾಗ 3 ಕೆಲ್ವಿನ್‌ನಲ್ಲಿ 480 ಓರ್ಸ್ಟೆಡ್ ಬಂತೆಂದು 2009ರಲ್ಲಿ ಮುಂಬೈಯ ಸಂಶೋಧಕರು ತೋರಿಸಿದರು. ಅಂಕಿ ಆಕರ್ಷಕವೇ. ಆದರೆ ಕರಗಿಸುವಾಗ ಆಂಟಿಮನಿ ಹೊಗೆಯಾಗಿ ಏಳುತ್ತದೆ, ಆ ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲ. ಮ್ಯಾಂಗನೀಸ್ ಹೇಗೂ ಆವಿಯಾಗುವ ಲೋಹ, ಅದರ ಜೊತೆ ಇದೂ ಹೋದರೆ ಕೊನೆಗೆ ಉಳಿದದ್ದು ಎಷ್ಟು ಎಂದು ಹೇಳುವುದು ಹೇಗೆ?

ಇಂಡಿಯಂ ದುಬಾರಿ. ಅದಕ್ಕೆ ಇನ್ನೊಂದು ವಿಶೇಷವಿದೆ. 2011ರಲ್ಲಿ ನಿಕ್ಕಲ್–ಮ್ಯಾಂಗನೀಸ್–ಇಂಡಿಯಂನಲ್ಲಿ ಕಾಂತಕ್ಷೇತ್ರವೇ ಇಲ್ಲದೆ ತಣಿಸಿದರೂ ದೊಡ್ಡ ಬಯಾಸ್ ಬರುವುದು ಕಂಡಿತು. ತಣಿದ ಮೇಲೆ ಮೊದಲ ಸಲ ಕ್ಷೇತ್ರ ಏರಿಸುವಾಗಲೇ ಗಡಿ ಹೊಸದಾಗಿ ರೂಪುಗೊಳ್ಳುತ್ತದೆ ಎನ್ನುವುದು ಅದನ್ನು ಕಂಡ ಸಂಶೋಧಕರ ವಿವರಣೆ. ಬಹಳ ಚಂದದ ಭೌತಶಾಸ್ತ್ರ. ಮೊದಲ ಪ್ರಾಜೆಕ್ಟಿಗೆ ಮಾತ್ರ ನಾನು ಬೇಡ ಎನ್ನುತ್ತೇನೆ, ಏಕೆಂದರೆ ಕ್ಷೇತ್ರವಿಲ್ಲದೆ ತಣಿಸಿದ ರೇಖೆಯನ್ನು ಹೋಲಿಕೆಯ ಸೊನ್ನೆಯಾಗಿ ಇಟ್ಟುಕೊಳ್ಳಲು ಅಲ್ಲಿ ಆಗುವುದಿಲ್ಲ.

ತವರವೇ ಇರಲಿ. ಅಗ್ಗ, ಆವಿಯಾಗುವುದು ಕಡಿಮೆ, ಹೋಲಿಸಿ ನೋಡಲು ಪ್ರಕಟವಾದ ಕೆಲಸ ಧಾರಾಳವಾಗಿದೆ.

ಏನೂ ಹಾಕದಿರುವುದೂ ಒಂದು ಆಯ್ಕೆ

ಇದನ್ನು ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊರಗಿನ ಮೂಲವಸ್ತು ಬೇಡ, ಮ್ಯಾಂಗನೀಸ್ ಮತ್ತು ತವರದ ಪಾಲನ್ನೇ ಹೆಚ್ಚುಕಡಿಮೆ ಮಾಡಿದರಾಯಿತು. ಎಲೆಕ್ಟ್ರಾನ್ ಲೆಕ್ಕ ಹಾಕುವುದು ಸುಲಭ. ನಿಕ್ಕಲ್ 10, ಮ್ಯಾಂಗನೀಸ್ 7, ತವರ 4. ನಿಕ್ಕಲ್ 50, ಮ್ಯಾಂಗನೀಸ್ 36, ತವರ 14 ಇದ್ದರೆ 500, 252, 56 ಕೂಡಿ ನೂರರಿಂದ ಭಾಗಿಸಿ, 8.08. ಮ್ಯಾಂಗನೀಸ್ 35, ತವರ 15 ಆದರೆ 8.05. ಮ್ಯಾಂಗನೀಸ್ 37, ತವರ 13 ಆದರೆ 8.11. ನೋಡಲು ಇದು ಏನೂ ಅಲ್ಲ. ಆದರೆ ಮಾರ್ಟೆನ್ಸೈಟ್ ಉಷ್ಣತೆ 35ರಲ್ಲಿ 190 ಕೆಲ್ವಿನ್ ಆಸುಪಾಸು, 37ರಲ್ಲಿ ಕೋಣೆಯ ಉಷ್ಣತೆಯ ಹತ್ತಿರ. ಎರಡು ಶೇಕಡಾಕ್ಕೆ ನೂರು ಕೆಲ್ವಿನ್‌ಗಿಂತ ಹೆಚ್ಚಿನ ಅಂತರ!

ಇಷ್ಟು ಸೂಕ್ಷ್ಮವಾದ ತಳದ ಮೇಲೆ ನಾವು ಒಂದೊಂದು ಶೇಕಡಾ ಕೋಬಾಲ್ಟ್ ಏರಿಸುತ್ತ "ಇದರಿಂದ ಹೀಗಾಯಿತು" ಎನ್ನುತ್ತೇವೆ. ತೂಗಿ ನೋಡಿ: 5 ಗ್ರಾಂ ತೂಕದ ಮಿಶ್ರಲೋಹದ ಗುಂಡಿನಲ್ಲಿ ಮ್ಯಾಂಗನೀಸ್ ಸುಮಾರು ಒಂದೂವರೆ ಗ್ರಾಂ. ಆರ್ಕ್ ಕುಲುಮೆಯಲ್ಲಿ ಗುಂಡನ್ನು ಮಗುಚಿ ಮಗುಚಿ ನಾಲ್ಕು ಸಲ ಕರಗಿಸುವಾಗ ಅದರಲ್ಲಿ 30 ಮಿಲಿಗ್ರಾಂ ಆವಿಯಾಗಿ ಹೋಯಿತೆನ್ನಿ, 36 ಇದ್ದದ್ದು 35.5ಕ್ಕೆ ಇಳಿಯಿತು. ನೀವು ಬೇಕೆಂದೇ ಇಟ್ಟ ಹೆಜ್ಜೆ ಒಂದು ಶೇಕಡಾ, ನಿಮಗೆ ಗೊತ್ತಿಲ್ಲದೆ ಬಿದ್ದ ಹೆಜ್ಜೆ ಅರ್ಧ ಶೇಕಡಾ.

ಬೋರ್ಡೋ ಕಲಸಿದ ಮೇಲೆ ನಮ್ಮಲ್ಲಿ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಡುತ್ತಾರೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಬಿಟ್ಟರೆ ಎಳೆಗೊನೆ ಸುಟ್ಟುಹೋಗುತ್ತದೆ. ಒಂದು ಕಿಲೋ ಸುಣ್ಣ ಹಾಕಿದ್ದೇನೆ ಎನ್ನುವುದು ಸಾಕಾಗುವುದಿಲ್ಲ, ಸುಣ್ಣ ಹಳೆಯದಾಗಿ ಸತ್ವ ಹೋಗಿರಬಹುದು. ಆ ದಿನ ಅವಳ ಎದುರೇ ಅದ್ದಿ ತೆಗೆದೆವು. ಅಂಚಿನಲ್ಲಿ ನಸುಗೆಂಪು. ಇನ್ನೊಂದು ಬೊಗಸೆ ಸುಣ್ಣ ಕಲಸಿ ಮತ್ತೆ ಅದ್ದಿದಾಗ ಅಲಗು ಬೆಳ್ಳಗೆ ಬಂತು. "ನಿನ್ನ ಗುಂಡಿಗೂ ಇಂಥದೊಂದು ಕತ್ತಿ ಬೇಕು" ಎಂದೆ. ಕರಗಿಸುವ ಮುಂಚೆ ಮತ್ತು ನಂತರ ತೂಕ ಬರೆದಿಡುವುದು ಮೊದಲ ಕತ್ತಿ. ಇಳಿದ ತೂಕವನ್ನೆಲ್ಲ ಮ್ಯಾಂಗನೀಸಿನ ಲೆಕ್ಕಕ್ಕೆ ಹಾಕಿ, ಶುರುವಿನಲ್ಲೇ ಎರಡು ಮೂರು ಶೇಕಡಾ ಮ್ಯಾಂಗನೀಸ್ ಹೆಚ್ಚಿಗೆ ಹಾಕಿಕೊಳ್ಳಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಕ್ಸ್-ರೇ ವಿಶ್ಲೇಷಣೆ ಎರಡನೆಯ ಕತ್ತಿ. ಅದು ಹತ್ತಿರ ಹತ್ತಿರ ಒಂದು ಶೇಕಡಾ ಹಿಂದೆಮುಂದೆ ಹೇಳುತ್ತದೆ, ಆದ್ದರಿಂದ ಒಂದೇ ಬಿಂದುವಿನ ಅಂಕಿಯನ್ನು ನಂಬದೆ ಹತ್ತು ಕಡೆ ನೋಡಿ ಸರಾಸರಿ ತೆಗೆಯಿರಿ.

ಕೋಬಾಲ್ಟ್

ಬಯಾಸ್ ಹೆಚ್ಚಿಸುವುದೇ ಗುರಿಯಾದರೆ ಮೊದಲು ನೆನಪಾಗಬೇಕಾದದ್ದು ಇದೇ. ನಿಕ್ಕಲಿನ ಜಾಗದಲ್ಲಿ ಹಾಕುತ್ತಾರೆ. ಒಂದೊಂದು ಕೋಬಾಲ್ಟಿಗೂ ಒಂದೊಂದು ಎಲೆಕ್ಟ್ರಾನ್ ಕಡಿಮೆ. ಐದು ಶೇಕಡಾ ಹಾಕಿದರೆ 8.08 ಇದ್ದದ್ದು 8.03. ಮಾರ್ಟೆನ್ಸೈಟ್ ಉಷ್ಣತೆ ಇಳಿಯುತ್ತದೆ, ಆಸ್ಟೆನೈಟಿನ ಫೆರೋ ಗುಣ ಗಟ್ಟಿಯಾಗುತ್ತದೆ. ಈ ಫೆರೋ ಹಂತದ ಒಂದಿಷ್ಟು ಭಾಗ ತಣಿಸಿದಾಗಲೂ ಬದಲಾಗದೆ ಉಳಿದು, ಆಂಟಿಫೆರೋ ಮಾರ್ಟೆನ್ಸೈಟಿನ ನಡುವೆ ದ್ವೀಪಗಳ ಹಾಗೆ ನಿಲ್ಲುತ್ತದೆ. ಗಡಿ ಹೆಚ್ಚುತ್ತದೆ, ಬಯಾಸ್ ಏರುತ್ತದೆ. ಆಂಟಿಮನಿಯ ತಳದಲ್ಲಿ 480 ಬಂದದ್ದು ಹೀಗೆ.

ಆದರೆ ದ್ವೀಪಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡರೆ ಗಡಿಯ ಪಾಲು ಕುಗ್ಗುತ್ತದೆ. ಫೆರೋ ಭಾಗ ಹಿಗ್ಗಿದಷ್ಟೂ ಅದನ್ನು ಜಗ್ಗಿ ನಿಲ್ಲಿಸುವ ಆಂಟಿಫೆರೋ ಕೈಗಳು ಸಾಲದಾಗುತ್ತವೆ. ಆದ್ದರಿಂದ 1, 3, 5 ಎಂದು ನಿಲ್ಲಿಸುವುದಕ್ಕಿಂತ ಇನ್ನೊಂದು ಹೆಚ್ಚಿನ ಮಾದರಿ ಮಾಡಿ ಇಳಿಯುವ ಬದಿಯನ್ನೂ ತೋರಿಸಿದರೆ ಒಳ್ಳೆಯದು. ಏರಿದ್ದನ್ನು ಮಾತ್ರ ತೋರಿಸಿದ ಪ್ರಾಜೆಕ್ಟಿಗಿಂತ ಏರಿ ಇಳಿದದ್ದನ್ನು ತೋರಿಸಿದ ಪ್ರಾಜೆಕ್ಟ್ ಹೆಚ್ಚು ಕಲಿಸುತ್ತದೆ.

ಕೋಬಾಲ್ಟಿನ ಜೊತೆ ಒಂದು ತೊಡಕೂ ಬರುತ್ತದೆ. ಕಾಂತಕ್ಷೇತ್ರದಲ್ಲಿ ತಣಿಸಿದಾಗ ಕ್ಷೇತ್ರವೇ ಆಸ್ಟೆನೈಟನ್ನು ಹಿಡಿದಿಡುತ್ತದೆ. ಹೆಚ್ಚು ಕ್ಷೇತ್ರದಲ್ಲಿ ತಣಿಸಿದರೆ ಹೆಚ್ಚು ಆಸ್ಟೆನೈಟ್ ಉಳಿಯುತ್ತದೆ. ಎಂದರೆ 1 ಟೆಸ್ಲಾದಲ್ಲಿ (10 ಕಿಲೋಓರ್ಸ್ಟೆಡ್) ತಣಿಸಿದ ಮಾದರಿಯೂ 5 ಟೆಸ್ಲಾದಲ್ಲಿ ತಣಿಸಿದ್ದೂ ಒಂದೇ ತುಂಡಾದರೂ ಒಳಗಿನ ಮಿಶ್ರಣ ಬೇರೆ. ತಣಿಸುವ ಕ್ಷೇತ್ರವನ್ನು ಎಲ್ಲ ಮಾದರಿಗೂ ಒಂದೇ ಇಡದೆ ಹೋಲಿಸಿದರೆ ಹೋಲಿಕೆಗೆ ಅರ್ಥವಿಲ್ಲ.

ಕಬ್ಬಿಣ, ಕ್ರೋಮಿಯಂ, ತಾಮ್ರ

ಕಬ್ಬಿಣವನ್ನು ಮ್ಯಾಂಗನೀಸಿನ ಜಾಗದಲ್ಲಿ ಹಾಕಿದರೆ ಎಲೆಕ್ಟ್ರಾನ್ ಲೆಕ್ಕ ಏರುತ್ತದೆ. ಎರಡು ಶೇಕಡಾಕ್ಕೆ 8.08 ಹೋಗಿ 8.10. ಲೆಕ್ಕದ ಪ್ರಕಾರ ಮಾರ್ಟೆನ್ಸೈಟ್ ಉಷ್ಣತೆ ಏರಬೇಕಿತ್ತು. ನಿಜದಲ್ಲಿ ಇಳಿಯುತ್ತದೆ. ಎಲೆಕ್ಟ್ರಾನ್ ಸರಾಸರಿಯೊಂದನ್ನೇ ಹಿಡಿದು ಕೂತವರಿಗೆ ಇದು ಒಳ್ಳೆಯ ಪಾಠ, ಯಾವ ಪರಮಾಣು ಯಾವುದರೊಂದಿಗೆ ಹೇಗೆ ಜೋಡಿಕೊಳ್ಳುತ್ತದೆ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಆಂಟಿಫೆರೋ ಜೋಡಣೆಗೆ ಬೇಕಾದ ಮ್ಯಾಂಗನೀಸನ್ನೇ ಕಬ್ಬಿಣ ತೆಗೆದುಹಾಕುವುದರಿಂದ ಬಯಾಸ್ ಹೆಚ್ಚಿಸಲು ಇದು ನನ್ನ ಆಯ್ಕೆಯಲ್ಲ. ಹೆಚ್ಚು ಹಾಕಿದರೆ ಬೇರೆಯೇ ಒಂದು ಹಂತ, ಎಂದರೆ ಬೇರೆ ರಚನೆಯ ಭಾಗ, ಕೂಡ ಒಳಗೆ ಬೆಳೆಯುತ್ತದೆ. ಮಿಶ್ರಲೋಹದ ಗಟ್ಟಿತನಕ್ಕೆ ಅದು ಒಳ್ಳೆಯದು, ನಮ್ಮ ಹೋಲಿಕೆಗೆ ಅಡ್ಡಿ. ಆದರೆ ಕಬ್ಬಿಣಕ್ಕೆ ಇಲ್ಲಿನ ಬೇರೆ ಬೆರಕೆಗಳಿಗೆ ಇಲ್ಲದ ಒಂದು ಅನುಕೂಲವಿದೆ, ಗಾಮಾ ಕಿರಣ ಹಾಯಿಸಿ ನೋಡುವ ಮೊಸ್‌ಬವರ್ ವಿಧಾನದಲ್ಲಿ ಕಬ್ಬಿಣದ ಪರಮಾಣು ಯಾವ ನೆರೆಯಲ್ಲಿ ಕೂತಿದೆ ಎಂದು ನೋಡಬಹುದು. ನಿಮ್ಮ ವಿಭಾಗದಲ್ಲಿ ಆ ಉಪಕರಣ ಇದ್ದರೆ, ಅಥವಾ ಹತ್ತಿರ ಸಿಗುವಂತಿದ್ದರೆ, ಕಬ್ಬಿಣವನ್ನೇ ಆರಿಸಿ. ಬಯಾಸ್ ಚಿಕ್ಕದಾದರೂ ಪ್ರಾಜೆಕ್ಟ್ ದೊಡ್ಡದಾಗುತ್ತದೆ.

ಕ್ರೋಮಿಯಂ ಈ ಮಿಶ್ರಲೋಹಗಳಲ್ಲಿ ಹೆಚ್ಚು ಕರಗುವುದಿಲ್ಲ, ಬೇಗ ಬೇರೆ ಹಂತವಾಗಿ ಕಂತುತ್ತದೆ. ಹಾಕಿದರೆ ಒಂದು ಶೇಕಡಾದೊಳಗೆ. ತಾಮ್ರ ಕಾಂತಗುಣವಿಲ್ಲದ್ದು, ಮ್ಯಾಂಗನೀಸಿನ ಜಾಗದಲ್ಲಿ ಹಾಕಿದರೆ ಎರಡೂ ಬಗೆಯ ಜೋಡಣೆಯನ್ನು ತೆಳುಮಾಡುತ್ತದೆ, ಒಂದೊಂದು ಪರಮಾಣುವಿಗೆ ನಾಲ್ಕು ನಾಲ್ಕು ಎಲೆಕ್ಟ್ರಾನ್ ಏರುತ್ತದೆ. ಎರಡು ಗುಂಡಿಯನ್ನು ಒಟ್ಟಿಗೆ ಜೋರಾಗಿ ತಿರುಗಿಸಿದ ಹಾಗೆ. ಆರಂಭಕ್ಕೆ ಬೇಡ.

ಜರ್ಮೇನಿಯಂ, ಸಿಲಿಕಾನ್

ನನಗೆ ಹೆಚ್ಚು ಪ್ರೀತಿಯ ದಾರಿ ಇದು. ತವರದ ಜಾಗದಲ್ಲಿ ಜರ್ಮೇನಿಯಂ ಅಥವಾ ಸಿಲಿಕಾನ್ ಹಾಕಿ. ಮೂರಕ್ಕೂ ಹೊರಗೆ ನಾಲ್ಕೇ ಎಲೆಕ್ಟ್ರಾನ್. 8.08 ಕೂತಲ್ಲಿಂದ ಕದಲುವುದಿಲ್ಲ. ಮ್ಯಾಂಗನೀಸಿನ ಪ್ರಮಾಣವೂ ಹಾಗೇ ಇರುತ್ತದೆ. ಬದಲಾಗುವುದು ಪರಮಾಣುವಿನ ಗಾತ್ರ ಮಾತ್ರ. ತವರಕ್ಕಿಂತ ಅವು ಚಿಕ್ಕವು, ಆದ್ದರಿಂದ ಪರಮಾಣುಗಳ ಜಾಲಕ ಒಳಗಿಂದಲೇ ಹಿಂಡಿದ ಹಾಗೆ ಕುಗ್ಗುತ್ತದೆ. ಇದನ್ನು ರಾಸಾಯನಿಕ ಒತ್ತಡ ಎನ್ನುತ್ತಾರೆ. ಹೊರಗಿಂದ ನಿಜವಾದ ಒತ್ತಡ ಕೊಟ್ಟಾಗ ಮಾರ್ಟೆನ್ಸೈಟ್ ಉಷ್ಣತೆ ಏರುವ ಹಾಗೆಯೇ ಜರ್ಮೇನಿಯಂ ಹಾಕಿದಾಗಲೂ ಏರುತ್ತದೆ. ಮೂರು ಕೆಲಸಗಳಲ್ಲಿ ಒಂದನ್ನೇ ಬಿಡಿಸಿ ಹಿಡಿಯುವ ಅವಕಾಶ ಇದು.

ಇದರ ಗುರುತು ಕೋಣೆಯ ಉಷ್ಣತೆಯ ಎಕ್ಸ್-ರೇ ವಿವರ್ತನೆಯಲ್ಲೇ ಸಿಗುತ್ತದೆ. ಆಸ್ಟೆನೈಟಿನ ಶಿಖರಗಳು ಬಲಕ್ಕೆ, ಎಂದರೆ ಹೆಚ್ಚಿನ ಕೋನಕ್ಕೆ, ಸರಿಯುತ್ತವೆ. ಬೆರಕೆ ನಿಜವಾಗಿ ಒಳಗೆ ಹೋಗಿ ಕೂತಿದೆ ಎನ್ನಲು, ಅಳತೆಗಾಗಿ ತಣಿಸಲು ಹೀಲಿಯಂ ಖರ್ಚು ಮಾಡುವ ಮೊದಲೇ ನಿಮ್ಮ ಕೈಯಲ್ಲಿ ಒಂದು ಸಾಕ್ಷಿ ಇರುತ್ತದೆ. ಕೋಬಾಲ್ಟ್ ಮತ್ತು ನಿಕ್ಕಲ್ ಗಾತ್ರದಲ್ಲಿ ಅಕ್ಕಪಕ್ಕದವು, ಅಲ್ಲಿ ಇಷ್ಟು ಸ್ಪಷ್ಟ ಸರಿತ ನಿರೀಕ್ಷಿಸುವಂತಿಲ್ಲ. ಬಯಾಸ್ ಕೋಬಾಲ್ಟಿನಷ್ಟು ಹಾರಿ ಏರದೇ ಹೋಗಬಹುದು. ಬಂದಷ್ಟು ಬದಲಾವಣೆ ಅಂತರದಿಂದ ಬಂದದ್ದು ಎಂದು ಎದೆತಟ್ಟಿ ಹೇಳಬಹುದು. ಒಂದೇ ವರ್ಷ, ನಾಲ್ಕೇ ಮಾದರಿ, ಎರಡೇ ದಿನದ ಅಳತೆಯ ಸಮಯ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಪ್ಲಾಟಿನಂ ಬಗ್ಗೆ ಒಂದು ಮಾತು. ಮ್ಯಾಂಗನೀಸ್–ಪ್ಲಾಟಿನಂ–ಗ್ಯಾಲಿಯಂ ಮಿಶ್ರಲೋಹದಲ್ಲಿ 3 ಟೆಸ್ಲಾ ಮೀರಿದ ಬಯಾಸ್ 2015ರಲ್ಲಿ ಪ್ರಕಟವಾಯಿತು. ಒಡಿಶಾದ ಅಜಯ ನಾಯಕ್ ಆ ಕೆಲಸದ ಮೊದಲ ಲೇಖಕರು. ಪ್ಲಾಟಿನಂ ಪಾಲನ್ನು ತಿದ್ದಿ, ಎದುರುಬದುರಾದ ಕಾಂತಗಳು ಒಂದನ್ನೊಂದು ಸರಿದೂಗಿಸುವ ಬಿಂದುವಿನ ಹತ್ತಿರ ಮಿಶ್ರಲೋಹವನ್ನು ತಂದು ನಿಲ್ಲಿಸಿದ್ದು ಅದರ ಗುಟ್ಟು. ಬೆರಕೆಯಿಂದ ಬಯಾಸ್ ತಿದ್ದುವ ಕಲೆ ಎಲ್ಲಿಯವರೆಗೆ ಹೋಗಬಲ್ಲದೆಂದು ತಿಳಿಯಲು ಅದನ್ನು ಓದಲೇಬೇಕು. ಪ್ಲಾಟಿನಂ ಕೊಳ್ಳುವ ಮಾತು ಪಿಎಚ್.ಡಿ.ಗೆ ಇರಲಿ.

ಅಳತೆಯಲ್ಲಿ ಮೋಸಹೋಗದಿರಲು

ಬಹಳ ವರ್ಷಗಳ ಹಿಂದೆ ನಾನು ಮಾಡಿದ ಮೊದಲ ಸಾಲಿನ ಮಾದರಿಗಳನ್ನು ದೂರದ ಒಂದು ಅಳತೆ ಕೇಂದ್ರಕ್ಕೆ ಕಳಿಸಿದ್ದೆ. ಅವರು 1 ಟೆಸ್ಲಾವರೆಗೆ ಮಾತ್ರ ಓಡಿಸಿ ರೇಖೆ ಕಳಿಸಿದರು. ರೇಖೆ ಚಂದವಾಗಿ ಎಡಕ್ಕೆ ಸರಿದಿತ್ತು. ನಾನು ಸಂತೋಷದಿಂದ ಪಟ್ಟಿ ಮಾಡಿದೆ, ಬರೆದೆ, ಗುರುಗಳಿಗೆ ತೋರಿಸಿದೆ. ಆರು ತಿಂಗಳ ನಂತರ ಬೇರೆ ಕಡೆ 5 ಟೆಸ್ಲಾವರೆಗೆ ಓಡಿಸಿದಾಗ ಆ ಸರಿತದ ಬಹುಪಾಲು ಇರಲಿಲ್ಲ. ಕಾಂತೀಕರಣ ಪೂರ್ಣವಾಗುವ ಮುಂಚೆ ಹಿಂದಿರುಗಿದ ರೇಖೆ ತಾನಾಗಿಯೇ ಓರೆಯಾಗಿ ಕೂರುತ್ತದೆ, ಅದು ಬಯಾಸ್ ಅಲ್ಲ. ಬೆರಕೆ ಬದಲಾದ ಹಾಗೆ ಪೂರ್ಣವಾಗಲು ಬೇಕಾದ ಕ್ಷೇತ್ರವೂ ಬದಲಾಗುವುದರಿಂದ, ಸುಳ್ಳು ಸರಿತವೂ ಕ್ರಮವಾಗಿ ಏರಿಳಿದು ನಿಜದ ಹಾಗೆ ಕಾಣುತ್ತದೆ. ಆ ಆರು ತಿಂಗಳು ನನಗೆ ಇನ್ನೂ ನೋಯುತ್ತದೆ.

ಇನ್ನೊಂದು ಪರೀಕ್ಷೆ ತೀರ ಸರಳ, ಆದರೂ ಬಿಟ್ಟುಬಿಡುತ್ತಾರೆ. ಧನ ದಿಕ್ಕಿನ ಕ್ಷೇತ್ರದಲ್ಲಿ ತಣಿಸಿದರೆ ರೇಖೆ ಎಡಕ್ಕೆ ಸರಿಯಬೇಕು, ಋಣ ದಿಕ್ಕಿನಲ್ಲಿ ತಣಿಸಿದರೆ ಅಷ್ಟೇ ದೂರ ಬಲಕ್ಕೆ. ಎರಡು ಸಲವೂ ಒಂದೇ ಬದಿಗೆ ಬಂದರೆ ಉಪಕರಣದ ಸೊನ್ನೆ ಸರಿದಿದೆ. ಹಾಗೆಯೇ ಒಂದೇ ಉಷ್ಣತೆಯಲ್ಲಿ ರೇಖೆಯನ್ನು ಮತ್ತೆ ಮತ್ತೆ ಓಡಿಸಿದರೆ ನಿಜವಾದ ಬಯಾಸ್ ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪ ತಗ್ಗುತ್ತದೆ, ಮೊದಲ ಸುತ್ತಿಗೂ ಎರಡನೆಯದಕ್ಕೂ ಹೆಚ್ಚು ಇಳಿತ. ಇದಕ್ಕೆ ಟ್ರೇನಿಂಗ್ ಪರಿಣಾಮ ಎನ್ನುತ್ತಾರೆ. ಹೋಲಿಸುವಾಗ ಎಲ್ಲ ಮಾದರಿಯ ಮೊದಲ ಸುತ್ತನ್ನೇ ಹೋಲಿಸಿ.

ಬ್ಲಾಕಿಂಗ್ ಉಷ್ಣತೆಯನ್ನೂ ಮೊದಲೇ ಯೋಚಿಸಿ. ತವರದ ತಳದಲ್ಲಿ ಅದು ಸಾಮಾನ್ಯವಾಗಿ 100 ಕೆಲ್ವಿನ್‌ಗಿಂತ ಕೆಳಗೆ. ದ್ರವ ಸಾರಜನಕ ಕೊಡುವುದು 77 ಕೆಲ್ವಿನ್, ಅಲ್ಲಿ ಹೇಳಿಕೊಳ್ಳುವಷ್ಟು ಬಯಾಸ್ ಉಳಿದಿರುವುದಿಲ್ಲ. ಹೀಲಿಯಂ ವ್ಯವಸ್ಥೆ ಎಲ್ಲಿ, ಯಾವಾಗ ಎಂದು ಗೊತ್ತುಮಾಡಿಕೊಂಡು ಆಮೇಲೆ ಬೆರಕೆ ಆರಿಸಿ.

ಹುಡುಗಿ ಕೊನೆಗೆ ಜರ್ಮೇನಿಯಂ ಆರಿಸಿದಳು: ಸೊನ್ನೆ, ಒಂದು, ಎರಡು, ಮೂರು ಶೇಕಡಾ. ಎಲ್ಲ ಗುಂಡುಗಳನ್ನೂ ಕ್ವಾರ್ಟ್ಜ್ ಕೊಳವೆಯೊಳಗೆ ಗಾಳಿ ತೆಗೆದು ಮುಚ್ಚಿ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟು, ಮಂಜುಗಡ್ಡೆ ಹಾಕಿದ ನೀರಿಗೆ ಹಾಕಿ ತಣಿಸುವುದೆಂದು ತೀರ್ಮಾನ. ನಾಲ್ಕನ್ನೂ ಒಂದೇ ಸಲ ಕುಲುಮೆಗೆ ಇಡಲು ಹೇಳಿದ್ದೇನೆ, ಬೇರೆ ಬೇರೆ ದಿನ ಇಟ್ಟರೆ ಅಲ್ಲೂ ಒಂದು ವ್ಯತ್ಯಾಸ ನುಸುಳುತ್ತದೆ. ಅಳತೆಗೆ ಒಂದೇ ದಿನ ಸಿಕ್ಕಿದರೆ ಮೊದಲು ಚಿಕ್ಕ ಕ್ಷೇತ್ರದಲ್ಲಿ ಉಷ್ಣತೆ ಬದಲಿಸುತ್ತ ಕಾಂತೀಕರಣ ನೋಡಿ ಮಾರ್ಟೆನ್ಸೈಟ್ ಎಲ್ಲಿ ಕೂತಿದೆ ಎಂದು ತಿಳಿಯಬೇಕು. ಆಮೇಲೆ 300 ಕೆಲ್ವಿನ್‌ಗಿಂತ ಮೇಲಿಂದ 1 ಟೆಸ್ಲಾದಲ್ಲಿ ತಣಿಸಿ 5 ಕೆಲ್ವಿನ್‌ನಲ್ಲಿ ಎರಡೂ ಕಡೆ 5 ಟೆಸ್ಲಾವರೆಗಿನ ರೇಖೆ. ಸಮಯ ಮಿಕ್ಕರೆ ಬೆರಕೆ ಇಲ್ಲದ ಮಾದರಿ ಮತ್ತು ಮೂರು ಶೇಕಡಾದ್ದು, ಈ ಎರಡನ್ನು ಮಾತ್ರ ಋಣ ದಿಕ್ಕಿನಲ್ಲಿ ಮತ್ತೆ ತಣಿಸಿ ನೋಡುವುದು.